ಸಾತನೂರಲ್ಲಿ ಒಂದು ಮನೆ ಖಾಲಿ ಇದೆಯಾ?

1/10

ಈ ಫೋಟೋದಲ್ಲಿ ಗೋಡೆ ಮೇಲೆ ಕಾಣ್ತಿರೋ ಪೆನ್ಸಿಲ್ ಗೆರೆಗಳು ನನ್ನ ತಮ್ಮನ ಎತ್ತರ. ಮೂರನೇ ಕ್ಲಾಸಿಂದ ಫಸ್ಟ್ ಪಿಯುವರೆಗೆ ಪ್ರತಿ ಯುಗಾದಿಗೂ ಅಮ್ಮ ಅವನನ್ನ ಗೋಡೆಗೆ ಒರಗಿಸಿ, ತಲೆ ಮೇಲೆ ಸ್ಕೇಲ್ ಇಟ್ಟು ಒಂದು ಗೆರೆ ಎಳೀತಿದ್ರು. ಗೋಡೆ ನಮ್ದಲ್ಲ. ಎಂಟು ವರ್ಷದಿಂದ ಬಾಡಿಗೆಗಿದ್ದ ಮನೆ. ಒಂದು ನಡುಮನೆ, ಒಂದು ರೂಮು, ಅಡುಗೆಮನೆ, ಹಿಂದೆ ಬಚ್ಚಲು. ತಿಂಗಳಿಗೆ 2,800 ರೂಪಾಯಿ.

ಜೂನ್ ಮೊದಲನೇ ವಾರ ಓನರ್ ಬಂದು ಬಾಗಿಲಲ್ಲೇ ನಿಂತ್ರು. ಒಳಗೆ ಬನ್ನಿ ಅಂದ್ರೂ ಬರಲಿಲ್ಲ. ಆಗಲೇ ಅಮ್ಮನಿಗೆ ಅರ್ಥ ಆಯ್ತಂತೆ. "ಹುಡುಗಂಗೆ ಮದ್ವೆ ಗೊತ್ತಾಯ್ತು ಕನವ್ವ. ಅವ್ರಿಗೆ ಈ ಮನೆ ಬೇಕಾಯ್ತದೆ. ಆತುರ ಏನಿಲ್ಲ, ಶ್ರಾವಣದೊಳಗೆ ಒಂದ್ ಮನೆ ನೋಡ್ಕಳಿ" ಅಂದ್ರು.

ಓನರ್ ಕೆಟ್ಟವರಲ್ಲ. ಎಂಟು ವರ್ಷದಲ್ಲಿ ಬಾಡಿಗೆ ಜಾಸ್ತಿ ಮಾಡಿದ್ದು ಎರಡೇ ಸಲ. ಲಾಕ್‌ಡೌನ್ ಟೈಮಲ್ಲಿ ಮೂರು ತಿಂಗಳು ಬಾಡಿಗೆ ಕೇಳಲೇ ಇಲ್ಲ. ಅವರ ಮೇಲೆ ಕೋಪ ಮಾಡ್ಕೊಳೋಕೂ ಆಗಲಿಲ್ಲ, ಅದೇ ಕಷ್ಟ.

ಅವತ್ತು ರಾತ್ರಿ ನಾನು ಸ್ಟೋರಿ ಹಾಕಿದ್ದೆ: ಸಾತನೂರಲ್ಲಿ ಒಂದು ಮನೆ ಖಾಲಿ ಇದೆಯಾ? ತುಂಬ ಜನ ಶೇರ್ ಮಾಡಿದ್ರಿ, ಥ್ಯಾಂಕ್ಸ್. ಇಬ್ಬರು ಮಾತ್ರ "ಸಾತನೂರಲ್ಲೂ ಮನೆ ಸಿಗಲ್ವಾ ಗುರು, ಅದೇನ್ ಕೋರಮಂಗಲನಾ" ಅಂತ ನಗೋ ಇಮೋಜಿ ಹಾಕಿದ್ರಿ. ಈ ಸೀರೀಸ್ ಮುಖ್ಯವಾಗಿ ನಿಮ್ಮಿಬ್ಬರಿಗೋಸ್ಕರ.

2/10

ಗೊತ್ತಿಲ್ಲದವರಿಗೆ: ಸಾತನೂರು ಕನಕಪುರದಿಂದ ಮಳವಳ್ಳಿ ಕಡೆ ಹೋಗೋ ರಸ್ತೇಲಿ ಸಿಗೋ ಹೋಬಳಿ. ಒಂದು ಕಾಲಕ್ಕೆ ನಮ್ಮೂರ ಹೆಸರಲ್ಲೇ ವಿಧಾನಸಭಾ ಕ್ಷೇತ್ರ ಇತ್ತು. ಡಿ.ಕೆ. ಶಿವಕುಮಾರ್ 1989ರಲ್ಲಿ ಮೊದಲ ಸಲ ಗೆದ್ದಿದ್ದು ಇಲ್ಲಿಂದಲೇ. 2008ರ ಪುನರ್ವಿಂಗಡಣೆಲಿ ಕ್ಷೇತ್ರ ಹೋಯ್ತು, ಸರ್ಕಲ್ ಉಳೀತು.

ನಮ್ಮ ಮನೆಯ ಎಲ್ಲಾ ಲೆಕ್ಕ ಆ ಸರ್ಕಲ್‌ನಿಂದಲೇ ಶುರು. ಅಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಫ್ಯಾಕ್ಟರಿ ವ್ಯಾನ್ ಬೆಳಗ್ಗೆ 6.40ಕ್ಕೆ ಸರ್ಕಲ್‌ಗೆ ಬರುತ್ತೆ, ಎರಡು ನಿಮಿಷ ನಿಲ್ಲುತ್ತೆ, ಹೊರಡುತ್ತೆ. ಯಾರಿಗೂ ಕಾಯಲ್ಲ. ನಾನು ಕನಕಪುರಕ್ಕೆ ಬಿಕಾಂ ಓದೋಕೆ ಹೋಗೋದು ಇಲ್ಲಿಂದಲೇ, ಶಕ್ತಿ ಯೋಜನೆ ಬಸ್ಸಲ್ಲಿ. ಆಧಾರ್ ತೋರಿಸಿದ್ರೆ ಸೊನ್ನೆ ಟಿಕೆಟ್. ತಮ್ಮನಿಗೆ ಆ ಭಾಗ್ಯ ಇಲ್ಲ, ಅವನದು ಸ್ಟೂಡೆಂಟ್ ಪಾಸು. ಅಪ್ಪನ ಲಗೇಜ್ ಆಟೋ ನಿಲ್ಲೋದೂ ಸರ್ಕಲ್ ಪಕ್ಕದಲ್ಲೇ.

ಓನರ್ ಬಂದು ಹೋದ ರಾತ್ರಿ ಊಟ ಮಾಡ್ತಾ ಅಪ್ಪ "ಊರಿಗೇ ಹೋಗ್ಬುಡನ ಅತ್ಲಾಗೆ" ಅಂದ್ರು. ಊರು ಅಂದ್ರೆ ಕಬ್ಬಾಳು ಕಡೆ, ತಾತನ ಮನೆ. ಅಲ್ಲಿಗೆ ಬೆಳಗಿನ ಬಸ್ಸು ಒಂದೇ, ಅದು ಬರೋದು ಎಂಟೂವರೆ ಮೇಲೆ. ಅಮ್ಮ ಮುದ್ದೆ ಮುರೀತಿದ್ದ ಕೈ ನಿಲ್ಸಿ, "ವ್ಯಾನ್ ಅಲ್ಲಿಗೆ ಬತ್ತದಾ?" ಅಂತ ಒಂದೇ ಮಾತು ಕೇಳಿದ್ರು.

ಬರಲ್ಲ. ಅಮ್ಮನ ಕೈಗೆ ಬರೋದು ಹನ್ನೊಂದು ಸಾವಿರ ಚಿಲ್ಲರೆ. ಅಪ್ಪನಿಗೆ ಬಾಡಿಗೆ ಸಿಕ್ಕಿದ ದಿನ ದುಡ್ಡು, ಸಿಗದಿದ್ದ ದಿನ ಇಲ್ಲ. ಆದ್ದರಿಂದ ಮನೆ ಯಾವುದೇ ಆಗ್ಲಿ, ಹೆಂಚಿನದೋ ಶೀಟಿಂದೋ, ಅಲ್ಲಿಂದ ಅಮ್ಮ ಕತ್ತಲಲ್ಲಿ ನಡ್ಕೊಂಡು 6.40ಕ್ಕೆ ಸರ್ಕಲ್ ಮುಟ್ಟಬೇಕು. ನಮ್ಮ ಷರತ್ತು ಇದೊಂದೇ. ಬಜೆಟ್ ನಾಲ್ಕು ಸಾವಿರ.

3/10

ಬಾಡಿಗೆ ಆ್ಯಪಲ್ಲಿ ಸಾತನೂರು ಅಂತ ಹುಡುಕಿದೆ. ಬೆಂಗಳೂರು ಉತ್ತರದಲ್ಲೂ ಒಂದು ಸಾತನೂರು ಇದೆ ಅಂತ ಅವತ್ತೇ ಗೊತ್ತಾಗಿದ್ದು. ಅಲ್ಲಿ ಎರಡು ಬೆಡ್‌ರೂಮಿಗೆ ಕೇಳ್ತಿದ್ದ ಬಾಡಿಗೆ ನಮ್ಮಿಬ್ಬರ ಕಾಲೇಜ್ ಫೀಸಿಗಿಂತ ಜಾಸ್ತಿ. ಆ್ಯಪ್ ಕ್ಲೋಸ್ ಮಾಡಿದೆ.

ನಮ್ಮೂರಲ್ಲಿ ಮನೆ ಖಾಲಿ ಆಗೋದು ಮೊದಲು ಗೊತ್ತಾಗೋದು ಹಾಲಿನ ಡೈರೀಲಿ. ಯಾರು ಹಾಲು ನಿಲ್ಲಿಸ್ತಾರೆ, ಯಾರು ಲೆಕ್ಕ ಚುಕ್ತಾ ಮಾಡ್ತಾರೆ, ಅವರಿಗೆ ತಿಳಿಯುತ್ತೆ. ಆಮೇಲೆ ಹಿಟ್ಟಿನ ಗಿರಣಿ, ರೇಷನ್ ಅಂಗಡಿ ಕ್ಯೂ, ಕರೆಂಟ್ ಬಿಲ್ ಕೊಡೋಕೆ ಬರೋ ಅಣ್ಣ. ಟು-ಲೆಟ್ ಬೋರ್ಡ್ ನಾನು ನೋಡಿದ್ದು ಎರಡೇ, ಎರಡೂ ಅಂಗಡಿ ಮಳಿಗೆ. ಸಂಜೆ ಬಸ್ ಇಳಿದು ಕಾಲೇಜ್ ಬ್ಯಾಗ್ ಸಮೇತ ಬೀದಿ ಬೀದಿ ಕೇಳ್ಕೊಂಡು ಹೋಗ್ತಿದ್ದೆ. ಅಕೌಂಟೆನ್ಸಿ ನೋಟ್ಸಿನ ಹಿಂದಿನ ಪುಟಗಳಲ್ಲಿ ಕಾಲಂ ಹಾಕಿ ಬರ್ಕೊಂಡೆ: ಯಾವ ಬೀದಿ, ಬಾಡಿಗೆ, ಅಡ್ವಾನ್ಸ್, ನೀರು, ಟಾಯ್ಲೆಟ್, ಸರ್ಕಲ್‌ಗೆ ಎಷ್ಟು ನಿಮಿಷ.

ನಾನು ಬಾಡಿಗೆ ಕೇಳೋ ಮುಂಚೆ ಅವರ ಪ್ರಶ್ನೆಗಳು ಬರ್ತಿದ್ವು. ಯಾವೂರು? ಯಾರ ಮಗಳು? ಎಷ್ಟು ಜನ? ಆಮೇಲೆ ಸ್ವಲ್ಪ ಬಿಟ್ಟು, ದನಿ ಸ್ವಲ್ಪ ತಗ್ಗಿಸಿ, "ನೀವ್ ಯಾವ್ ಜನ?" ಇದನ್ನ ಕೇಳದೇ ಇದ್ದವರನ್ನ ಬೆರಳಲ್ಲಿ ಎಣಿಸಬಹುದು. ನನ್ನ ಉತ್ತರ ಕೇಳಿ ಕೆಲವರು ಒಳಗೆ ಕರೆದ್ರು, ಕೆಲವರಿಗೆ ಇದ್ದಕ್ಕಿದ್ದಂಗೆ "ನಮ್ಮ ಭಾವಮೈದ ಬರ್ತೀನಿ ಅಂದವ್ನೆ" ಅಂತ ನೆನಪಾಯ್ತು. ನನ್ನ ಉತ್ತರ ಏನು ಅಂತ ಇಲ್ಲಿ ಬರೆಯಲ್ಲ. ಬರೆದ್ರೆ ಕಾಮೆಂಟಲ್ಲಿ ಅದೊಂದೇ ಮಾತಾಗುತ್ತೆ.

ಇನ್ನೊಂದು, ಆಷಾಢ. ಈ ಸಲ ಜೂನ್ ಕೊನೇ ವಾರ ಶುರುವಾಯ್ತು. ಆಷಾಢದಲ್ಲಿ ಯಾರೂ ಮನೆ ಬಿಡಲ್ಲ, ಯಾರೂ ಮನೆ ಸೇರಲ್ಲ. ಅಮ್ಮ "ಈ ತಿಂಗ್ಳು ಸುಮ್ನಿರು" ಅಂದ್ರು. ನಾನು ಸುಮ್ನಿರಲಿಲ್ಲ. ಹುಡುಕೋರು ಕಡಿಮೆ ಇದ್ದಾಗಲೇ ಬೆಲೆ ಬಗ್ಗೋದು, ಅದಕ್ಕೆ ಬಿಕಾಂ ಓದಬೇಕಾಗಿಲ್ಲ. ನೋಡಿ ಒಪ್ಪಿಟ್ಟುಕೊಂಡು ಶ್ರಾವಣದಲ್ಲಿ ಹಾಲುಕ್ಕಿಸಿದ್ರಾಯ್ತು.

4/10

ನೋಡಿದ ಮನೆಗಳು. ಎಲ್ಲಾ ಬರೆಯಲ್ಲ, ನಾಲ್ಕು ಸಾಕು.

ಮೊದಲನೇದು ಮೇನ್ ರೋಡ್ ಹಿಂದೆ ಹೊಸ ಆರ್‌ಸಿಸಿ ಮನೆ. ಟೈಲ್ಸು, ಸಿಂಕು, ಎಲ್ಲಾ ಇದೆ. ಆರು ಸಾವಿರ ಬಾಡಿಗೆ, ಅರವತ್ತು ಸಾವಿರ ಅಡ್ವಾನ್ಸ್. ಅಷ್ಟೊಂದಾ ಅಂದೆ. "ಈಗ ನಾವೂ ಬೆಂಗ್ಳೂರೇ ಅಲ್ವೇನವ್ವ" ಅಂದ್ರು. ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡೋಕೆ ಸಂಪುಟ ಒಪ್ಪಿತ್ತಲ್ಲ, ಅದು. ನಮ್ಮ ಬಸ್ಸು, ನಮ್ಮ ನೀರು, ಅಮ್ಮನ ಸಂಬಳ ಯಾವುದೂ ಬೆಂಗಳೂರಾಗಿರಲಿಲ್ಲ. ಬಾಡಿಗೆ ಮಾತ್ರ ಆಗಿತ್ತು.

ಹತ್ತು ತಿಂಗಳ ಅಡ್ವಾನ್ಸ್ ಅನ್ನೋದು ಬೆಂಗಳೂರಿನ ರೂಢಿ, ಯಾವ ಕಾನೂನಲ್ಲೂ ಬರೆದಿಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನುತ್ತೆ. ಆದ್ರೆ ಮಾದರಿ ಅಂದ್ರೆ ಮಾದರಿ ಅಷ್ಟೇ. ರಾಜ್ಯ ತನ್ನದೇ ಕಾಯ್ದೆ ಮಾಡಿದ್ರೆ ಮಾತ್ರ ಅದಕ್ಕೆ ಬಲ.

ಎರಡನೇದು ಶೀಟಿನ ಮನೆ, 2,500. ಮಧ್ಯಾಹ್ನ ಒಳಗೆ ಕಾಲಿಟ್ರೆ ಇಡ್ಲಿ ಪಾತ್ರೆ. ಟಾಯ್ಲೆಟ್ ಮೂರು ಮನೆಗೆ ಒಂದು, ಬಾಗಿಲಿಗೆ ಚಿಲಕ ಇಲ್ಲ. ಅಪ್ಪ ಪರವಾಗಿಲ್ಲ ಅಂದ್ರು. ಅಮ್ಮ ನನ್ನ ಮುಖ ನೋಡಿ ಬೇಡ ಅಂದ್ರು.

ಮೂರನೇದು ಹಳೇ ಆಶ್ರಯ ಮನೆ. ಬಡವರಿಗೆ ಅಂತ ಸರ್ಕಾರ ಕಟ್ಟಿಸಿಕೊಟ್ಟ ಮನೆ, ಅವರ ಮಕ್ಕಳು ಮುಂದೆ ಹೋಗಿ ಬೇರೆ ಕಡೆ ಕಟ್ಕೊಂಡು ಇದನ್ನ ಬಾಡಿಗೆಗೆ ಬಿಟ್ಟಿದ್ರು. ಇಪ್ಪತ್ತಡಿ ಉದ್ದ ಇರಬಹುದು ಅಷ್ಟೇ. ಬಾಡಿಗೆ 3,000. ತಪ್ಪೋ ಸರಿಯೋ, ನಮ್ಮಂಥ ಊರಲ್ಲಿ ಕಡಿಮೆ ಬಾಡಿಗೆ ಮನೆ ಅಂತ ಸಿಗೋದು ಹೆಚ್ಚಾಗಿ ಇಂಥವೇ. ನಾವು ಹೂಂ ಅನ್ನೋ ಮುಂಚೆ ಇನ್ನೊಬ್ಬರು ಅಡ್ವಾನ್ಸ್ ಕೊಟ್ಬಿಟ್ಟಿದ್ರು.

ನಾಲ್ಕನೇದು ಚೆನ್ನಾಗಿತ್ತು, ಸರ್ಕಲ್‌ಗೆ ಆರು ನಿಮಿಷ. ಅದರ ಕಥೆ ಒಂಬತ್ತನೇ ಭಾಗದಲ್ಲಿ. ತಪ್ಪು ನಂದೇ.

5/10

ಒಬ್ಬರು ಬಾಡಿಗೆ ಬೇಡ, ಭೋಗ್ಯಕ್ಕೆ ತಗೊಳ್ಳಿ ಅಂದ್ರು. ಎರಡೂವರೆ ಲಕ್ಷ, ಮೂರು ವರ್ಷ. ತಿಂಗಳ ಬಾಡಿಗೆ ಸೊನ್ನೆ. ಮೂರು ವರ್ಷ ಆದ್ಮೇಲೆ ದುಡ್ಡು ಪೂರ್ತಿ ವಾಪಸ್. ಅಪ್ಪನ ಕಣ್ಣು ಹೊಳೀತು. ಮೂರು ವರ್ಷ ಪುಕ್ಕಟೆ ಮನೆ ಅಂತ ಅವರ ಲೆಕ್ಕ.

ನಾನು ಪೆನ್ ತಗೊಂಡೆ. ಎರಡೂವರೆ ಲಕ್ಷ ನಮ್ಮ ಹತ್ರ ಬ್ಯಾಂಕಲ್ಲಿ ಇದೆ ಅಂದ್ಕೊಳ್ಳಿ, ಎಫ್‌ಡಿಗೆ ಆರೂವರೆ ಪರ್ಸೆಂಟ್ ಬಡ್ಡಿ ಅಂದ್ಕೊಳ್ಳಿ. ವರ್ಷಕ್ಕೆ 16,250. ತಿಂಗಳಿಗೆ 1,354. ಅಂದ್ರೆ ದುಡ್ಡಿರೋನಿಗೆ ಆ ಮನೆ ಬೀಳೋದು ತಿಂಗಳಿಗೆ 1,354 ರೂಪಾಯಿಗೆ. ಸಾತನೂರಲ್ಲಿ ಅದಕ್ಕಿಂತ ಅಗ್ಗದ ಮನೆ ಇಲ್ಲ.

ನಮ್ಮ ಹತ್ರ ಇದ್ದಿದ್ದು ಮೂವತ್ತೈದು ಸಾವಿರ. ಉಳಿದಿದ್ದು ಕೈಸಾಲ ಮಾಡ್ಬೇಕು, ನಮ್ಮ ಕಡೆ ಕೈಸಾಲ ಅಂದ್ರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಪೂರ್ತಿ ಎರಡೂವರೆ ಲಕ್ಷ ಸಾಲ ಆದ್ರೆ ತಿಂಗಳಿಗೆ 5,000 ಬಡ್ಡಿ. 2,15,000 ಸಾಲ ಆದ್ರೂ 4,300. ಅಸಲು ಹಾಗೇ ನಿಂತಿರುತ್ತೆ. ನಮ್ಮ ಬಜೆಟ್ ನಾಲ್ಕು ಸಾವಿರ. ಪುಕ್ಕಟೆ ಮನೆ ಬಜೆಟ್ ದಾಟಿ ಹೋಯ್ತು.

ಅದೇ ಮನೆ, ಅದೇ ಬಾಗಿಲು. ದುಡ್ಡಿರೋನಿಗೆ 1,354, ಸಾಲ ಮಾಡೋನಿಗೆ 4,300. ಕ್ಲಾಸಲ್ಲಿ ಆಪರ್ಚುನಿಟಿ ಕಾಸ್ಟ್ ಅಂತ ಡೆಫಿನಿಷನ್ ಬಾಯಿಪಾಠ ಮಾಡಿ ಎರಡು ಮಾರ್ಕ್ಸ್ ತಗೊಂಡಿದ್ದೆ. ಅರ್ಥ ಆಗಿದ್ದು ಆ ರಾತ್ರಿ. ಅಪ್ಪ ಲೆಕ್ಕ ಪೂರ್ತಿ ನೋಡಿ, "ಬುಡು ಮತ್ತೆ" ಅಂತ ಎದ್ದು ಹೋಗಿ ಆಟೋ ಒರೆಸೋಕೆ ಶುರು ಮಾಡಿದ್ರು. ಆಟೋ ಕ್ಲೀನಾಗೇ ಇತ್ತು.

6/10

ಕ್ಲಾಸಲ್ಲಿ ಒಬ್ಬಳು "ಸರ್ಕಾರದ ಮನೆ ಸ್ಕೀಮ್‌ಗೆ ಹಾಕ್ರೇ" ಅಂದ್ಳು. ನಾನು ಅಪ್ಪ ಪಂಚಾಯ್ತಿಗೆ ಹೋದ್ವಿ. ಅಲ್ಲಿದ್ದ ಸರ್ ಒಳ್ಳೆಯವರು, ಕೂರಿಸಿ ವಿವರವಾಗಿ ಹೇಳಿದ್ರು.

ವಿಷಯ ಇಷ್ಟು. ಹಳ್ಳಿಗಳಲ್ಲಿ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ಕೇಂದ್ರದ ಪ್ರಧಾನಮಂತ್ರಿ ಆವಾಸ್ ಅಂತ ಯೋಜನೆಗಳಿವೆ. ರಾಜ್ಯದಲ್ಲಿ ಇದನ್ನೆಲ್ಲ ನೋಡ್ಕೊಳೋದು 2000ದಲ್ಲಿ ಆದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಫಲಾನುಭವಿಗಳ ಹೆಸರು ಗ್ರಾಮಸಭೇಲಿ ಆಗ್ಬೇಕು. ಆವಾಸ್ ಗ್ರಾಮೀಣದಲ್ಲಿ ನಮ್ಮಂಥ ಬಯಲು ಪ್ರದೇಶಕ್ಕೆ 1.20 ಲಕ್ಷ. ದುಡ್ಡು ಒಟ್ಟಿಗೆ ಬರಲ್ಲ. ತಳಪಾಯ ಆಯ್ತಾ, ಫೋಟೋ, ಒಂದು ಕಂತು. ಗೋಡೆ ಎದ್ದಿತಾ, ಫೋಟೋ, ಇನ್ನೊಂದು ಕಂತು. ಮನೆ ಹೆಣ್ಣುಮಕ್ಕಳ ಹೆಸರಿಗೆ ಆಗೋದೇ ಹೆಚ್ಚು, ಅದು ಅಪ್ಪನಿಗೂ ಇಷ್ಟ ಆಯ್ತು.

"ಜಾಗ ಎಲ್ಲೈತೆ?" ಅಂತ ಕೇಳಿದ್ರು ಸರ್. ಜಾಗ ಇಲ್ಲ ಅಂದ್ವಿ. ಹಾಗಾದ್ರೆ ನೀವು ವಸತಿ ರಹಿತರ ಪಟ್ಟಿ ಅಲ್ಲ, ನಿವೇಶನ ರಹಿತರ ಪಟ್ಟಿ. ಅದು ಬೇರೆ ಅರ್ಜಿ, ಬೇರೆ ಕಾಯೋದು. ಆಮೇಲೆ ರೇಷನ್ ಕಾರ್ಡ್ ನೋಡಿ, "ಊರಲ್ಲಿ ಮನೆ ಐತಲ್ಲಪ್ಪ ನಿಮಗೆ?"

ಇದೆ. ತಾತನ ಹೆಸರಲ್ಲಿ. ತಾತ ಹೋಗಿ ಹನ್ನೊಂದು ವರ್ಷ. ಮೂರು ಜನ ಮಕ್ಕಳಿಗೆ ಸೇರಿ ಒಂದು ಪಡಸಾಲೆ, ಎರಡು ಕೋಣೆ. ಅಪ್ಪನ ಪಾಲಿಗೆ ಅಂತ ಬಾಯಿಮಾತಲ್ಲಿ ಬಿಟ್ಟಿರೋ ಕೋಣೆಲಿ ಚಿಕ್ಕಪ್ಪನ ರಾಗಿ ಮೂಟೆ, ಗೊಬ್ಬರ ಇದೆ. ನಾವು ನಾಲ್ಕು ಜನ ಮಲಗೋಕೆ ಅಲ್ಲಿ ಜಾಗ ಇಲ್ಲ. ಆದ್ರೆ ಕಾಗದದಲ್ಲಿ ನಮಗೆ ಮನೆ ಇದೆ.

ಸರ್ ದಾರಿಯನ್ನೂ ಹೇಳಿದ್ರು. ವಿಭಾಗ ಮಾಡ್ಕೊಳ್ಳಿ, ಖಾತೆ ಬೇರೆ ಮಾಡಿಸಿ, ನಿಮ್ಮ ಪಾಲು ಬಿಟ್ಟುಕೊಡ್ತೀರೋ ಉಳಿಸ್ಕೊತೀರೋ ತೀರ್ಮಾನ ಮಾಡಿ ಆಮೇಲೆ ಬನ್ನಿ.

ವಾಪಸ್ ಬರ್ತಾ ಅಪ್ಪ ಆಟೋ ಓಡಿಸ್ತಾನೇ ಹೇಳಿದ್ರು: "ಪಾಲು ಕೇಳಿದ್ರೆ ಕೋಣೆ ಬತ್ತದೆ ಮಗ. ತಮ್ಮ ಓಯ್ತಾನೆ." ನಾನು ಏನೂ ಹೇಳಲಿಲ್ಲ. ಈಗಲೂ ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

7/10

ಪಂಚಾಯ್ತಿಲಿ ಹೊರಡೋ ಮುಂಚೆ ನಾನು ಇನ್ನೊಂದು ಪ್ರಶ್ನೆ ಕೇಳಿದ್ದೆ. "ಸರ್, ಬಾಡಿಗೆ ಕಟ್ಟೋರಿಗೆ ಏನಾದ್ರೂ ಸ್ಕೀಮ್ ಇದ್ಯಾ?" ಅವರು "ಬಾಡಿಗೆಗಾ?" ಅಂತ ನಕ್ಕರು. ಅಣಕಿಸಿ ಅಲ್ಲ, ಯಾರೂ ಕೇಳಿರಲಿಲ್ಲ ಅನ್ಸುತ್ತೆ.

ಅವತ್ತು ರಾತ್ರಿ ಕೂತು ಹುಡುಕಿದೆ. ಇದೆ. 2020ರಲ್ಲಿ ಲಾಕ್‌ಡೌನ್ ಆಗಿ ವಲಸೆ ಕಾರ್ಮಿಕರು ನಡ್ಕೊಂಡು ಊರಿಗೆ ಹೋದ್ರಲ್ಲ, ಅದಾದ ಮೇಲೆ ಜುಲೈನಲ್ಲಿ ಕೇಂದ್ರ ಸರ್ಕಾರ ಕೈಗೆಟಕುವ ಬಾಡಿಗೆ ವಸತಿ ಸಂಕೀರ್ಣ ಅಂತ ಯೋಜನೆ ಮಾಡಿತು. ಸರ್ಕಾರ ಕಟ್ಟಿಸಿ ಖಾಲಿ ಬಿದ್ದಿರೋ ಮನೆಗಳನ್ನ ಬಾಡಿಗೆಗೆ ಕೊಡೋದು ಒಂದು ದಾರಿ. ಖಾಸಗಿಯವರು ತಮ್ಮ ಜಾಗದಲ್ಲೇ ಕಟ್ಟಿ 25 ವರ್ಷ ಬಾಡಿಗೆಗೆ ನಡೆಸೋದು ಇನ್ನೊಂದು. 2024ರ ಹೊಸ ಆವಾಸ್ ಯೋಜನೇಲೂ ಬಾಡಿಗೆ ಮನೆಗೆ ಒಂದು ಭಾಗ ಇದೆ. ಫ್ಯಾಕ್ಟರಿ ಕೆಲಸದವರು, ವಿದ್ಯಾರ್ಥಿಗಳು, ಎಲ್ಲಾ ನಮ್ಮ ಮನೆಯವರನ್ನೇ ನೋಡಿ ಬರೆದಂಗಿದೆ. ಆದ್ರೆ ಎರಡೂ ಇರೋದು ಪ್ರಧಾನಮಂತ್ರಿ ಆವಾಸ್‌ನ "ನಗರ" ವಿಭಾಗದಲ್ಲಿ. ಗ್ರಾಮೀಣ ವಿಭಾಗದಲ್ಲಿ ಬಾಡಿಗೆ ಅನ್ನೋ ಮಾತೇ ಇಲ್ಲ. ಹಳ್ಳೀಲಿ ಎಲ್ಲರಿಗೂ ಸ್ವಂತ ಜಾಗ ಇರುತ್ತೆ, ಬಾಡಿಗೆಗೆ ಇರೋರು ಪೇಟೆಯವರು ಅಂತ ಯೋಜನೆ ಬರೆದವರ ಅಂದಾಜು. ಹೋಬಳಿ ಊರುಗಳಲ್ಲಿ ಸಂಜೆ ಗಾರ್ಮೆಂಟ್ಸ್ ವ್ಯಾನ್ ಇಳಿಯೋರನ್ನ ಅವರು ನೋಡಿಲ್ಲ.

ಇನ್ಕಮ್ ಟ್ಯಾಕ್ಸ್ ಪುಸ್ತಕದಲ್ಲೂ ಬಾಡಿಗೆಗೆ ರಿಯಾಯಿತಿ ಇದೆ. ಹಳೇ ತೆರಿಗೆ ಪದ್ಧತೀಲಿ, ಸಂಬಳದಲ್ಲಿ ಎಚ್‌ಆರ್‌ಎ ಇರೋರಿಗೆ ಒಂದು ಸೆಕ್ಷನ್. ಇಲ್ಲದವರಿಗೆ ಇನ್ನೊಂದು, ತಿಂಗಳಿಗೆ 5,000ವರೆಗೆ. ಆದಾಯದಲ್ಲಿ ಕಳೀಬೇಕು. ಅಮ್ಮನ ಆದಾಯ ತೆರಿಗೆ ಮಿತಿಯ ಹತ್ರಾನೂ ಬರಲ್ಲ. ಸೊನ್ನೆ ತೆರಿಗೇಲಿ ಏನನ್ನ ಕಳೆಯೋದು?

ನಗು ಬಂದಿದ್ದು ಇದಕ್ಕೆ: ರೇಷ್ಮೆ ಹುಳು ಸಾಕೋ ಮನೆ ಕಟ್ಟೋಕೆ ರೇಷ್ಮೆ ಇಲಾಖೆ ಸಹಾಯಧನ ಕೊಡುತ್ತೆ. ದನದ ಕೊಟ್ಟಿಗೆಗೆ ಆಗ ನರೇಗಾದಲ್ಲಿ ಸಿಗ್ತಿತ್ತು. ಅಮ್ಮನಿಗೆ ಓದಿ ಹೇಳಿದೆ. "ಹುಳ ಗೂಡು ಕೊಡ್ತದೆ, ಹಸ ಹಾಲು ಕೊಡ್ತದೆ. ನಾವೇನ್ ಕೊಡ್ತೀವಿ?" ಅಂದ್ರು. ಬೆಳಗ್ಗೆಯಿಂದ ಸಂಜೆತನಕ ಯಾರೋ ಹಾಕೋ ಶರ್ಟಿಗೆ ಕಾಲರ್ ಹೊಲಿಯೋರು ಈ ಮಾತು ಹೇಳ್ತಾರೆ.

8/10

ಬೇಜಾರ್ ಸಾಕು, ಈಗ ನಿಮಗೆ ಉಪಯೋಗ ಆಗೋದು. ಸೇವ್ ಮಾಡ್ಕೊಳ್ಳಿ.

ಕನಕಪುರದಲ್ಲೋ ರಾಮನಗರದಲ್ಲೋ ರೂಮ್ ಮಾಡ್ಕೊಂಡು ಓದೋರು: ಮೊದಲು ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಸೀಟ್ ಸಿಗಲ್ಲ ಅಂತ ಗೊತ್ತಿದ್ರೂ ಹಾಕಿ. ಯಾಕಂದ್ರೆ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ. ಊಟ, ವಸತಿ ಖರ್ಚಿಗೆ ಅಂತ 2013-14ರಲ್ಲಿ ಶುರು ಮಾಡಿದಾಗ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ಎಸ್‌ಎಸ್‌ಪಿ ಪೋರ್ಟಲ್ಲಲ್ಲೇ ಅರ್ಜಿ. ಜಾತಿ-ಆದಾಯ ಪ್ರಮಾಣಪತ್ರ ರಿನ್ಯೂ ಆಗಿದ್ಯಾ, ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿದ್ಯಾ ನೋಡ್ಕೊಳ್ಳಿ, ನಮ್ಮ ಕ್ಲಾಸಲ್ಲಿ ದುಡ್ಡು ನಿಂತಿರೋದು ಇವೆರಡಕ್ಕೇ. ಆರು ಸಾವಿರದ ರೂಮಲ್ಲಿ ನಾಲ್ಕು ಜನ ಇದ್ರೆ ತಲೆಗೆ 1,500, ಬಾಡಿಗೆಗೆ ಸರಿಹೋಗುತ್ತೆ. ಊಟಕ್ಕೆ ಊರಿಂದ ಅಕ್ಕಿ ತರಬೇಕು. ನನಗೆ ಡಿಎಂ ಮಾಡಿ ಕೇಳಿದ ನಾಲ್ಕು ಜನಕ್ಕೆ ಇದು ಬರುತ್ತೆ.

ಎರಡನೇದು ಗೃಹಜ್ಯೋತಿ. ಇದು ಬಾಡಿಗೆದಾರರಿಗೂ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. 2023ರ ಆಗಸ್ಟ್‌ನಿಂದ 200 ಯೂನಿಟ್‌ವರೆಗೆ ಉಚಿತ ಅಂತಾರೆ, ಆದ್ರೆ ಎಲ್ಲರಿಗೂ 200 ಅಲ್ಲ. ಆ ಮನೆಯ 2022-23ರ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಅಷ್ಟೇ. ಬಿಲ್ಲಲ್ಲಿರೋ ಆರ್‌ಆರ್ ನಂಬರ್‌ಗೆ ನಿಮ್ಮ ಆಧಾರ್ ಲಿಂಕ್ ಮಾಡಬೇಕು, ಅಲ್ಲೇ ಇದ್ದೀರ ಅನ್ನೋಕೆ ಬಾಡಿಗೆ ಅಗ್ರಿಮೆಂಟ್ ತೋರಿಸಬೇಕು. ಒಬ್ಬರ ಆಧಾರ್‌ಗೆ ಒಂದೇ ಮೀಟರ್. ಮನೆ ಬದಲಾಯಿಸಿದ್ರೆ ಹಳೇದನ್ನ ಡಿ-ಲಿಂಕ್ ಮಾಡಿ ಹೊಸದಕ್ಕೆ ಹಾಕ್ಕೋಬಹುದು, 2024ರಿಂದ ಆ ಅವಕಾಶ ಕೊಟ್ಟಿದ್ದಾರೆ. ಬಿಟ್ಟು ಬಂದ ಮನೆ ಮೀಟರ್‌ಗೆ ನಿಮ್ಮ ಆಧಾರ್ ಅಂಟ್ಕೊಂಡಿದ್ರೆ ಹೊಸ ಮನೇಲಿ ಬಿಲ್ ಬರುತ್ತೆ, ಮರೀಬೇಡಿ.

ಅಗ್ರಿಮೆಂಟ್ 11 ತಿಂಗಳಿಗೆ ಯಾಕೆ ಮಾಡ್ತಾರೆ ಅಂತ ಒಬ್ಬ ಕೇಳಿದ್ದ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷದಿಂದ ಮೇಲಕ್ಕೆ ಬರೆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ ಹನ್ನೊಂದು.

9/10

ಈಗ ನಾಲ್ಕನೇ ಮನೆ.

ಸರ್ಕಲ್‌ಗೆ ಆರು ನಿಮಿಷ. ಹೆಂಚಿನ ಮನೆ, ಒಳಗೆ ತಂಪು. ಟಾಯ್ಲೆಟ್ ಬೇರೆ, ಬೋರ್‌ವೆಲ್ ನೀರು. 3,800 ಬಾಡಿಗೆ, ಇಪ್ಪತ್ತೈದು ಸಾವಿರ ಅಡ್ವಾನ್ಸ್. ಅಮ್ಮ ಆಗಲೇ ಒಲೆ ಎಲ್ಲಿಡೋದು ಅಂತ ನೋಡ್ತಿದ್ರು. ಆಂಟಿನೂ ನಮ್ಮನ್ನ ಇಷ್ಟಪಟ್ಟಿದ್ರು, ಟೀ ಕೊಟ್ಟಿದ್ರು.

ನಾನು ಬಿಲ್ ಕೇಳಿದೆ. ಮೀಟರ್ ಅವರ ತೀರಿಹೋದ ಮಾವನ ಹೆಸರಲ್ಲಿತ್ತು, ಗೃಹಜ್ಯೋತಿ ಲಿಂಕ್ ಆಗಿರಲಿಲ್ಲ. ನಾನು ದೊಡ್ಡ ಬುದ್ಧಿವಂತೆ, ಶುರು ಮಾಡಿದೆ: "ಆಂಟಿ, ಬಾಡಿಗೆ ಅಗ್ರಿಮೆಂಟ್ ಮಾಡಿಕೊಡಿ, ಅಮ್ಮನ ಆಧಾರ್ ಈ ಆರ್‌ಆರ್ ನಂಬರ್‌ಗೆ ಲಿಂಕ್ ಮಾಡಿಸ್ತೀವಿ, ನಿಮಗೇನೂ ನಷ್ಟ ಇಲ್ಲ, ಇದು ಬಾಡಿಗೆದಾರರ ಹಕ್ಕು." ಹಕ್ಕು ಅನ್ನೋ ಪದ ಬಾಯಿಂದ ಹೊರಗೆ ಬಿದ್ದ ಕೂಡಲೇ ಆಂಟಿ ಮುಖ ಬದಲಾಯ್ತು. ನಾನು ನಿಲ್ಲಿಸಲಿಲ್ಲ. ಮೊಬೈಲ್ ತೆಗೆದು ಓದಿ ಬೇರೆ ತೋರಿಸಿದೆ.

"ನಮ್ಮ ಮೀಟ್ರಿಗೆ ನಿಮ್ ಆಧಾರಾ? ನಾಳೆ ಮನೆನೂ ನಮ್ದೇ ಅಂದ್ರೆ?" ಅಂದ್ರು. ಆಗಲ್ಲ ಆಂಟಿ, ಮಾಲೀಕತ್ವಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದೆ. ನಾನು ಹೇಳಿದ್ದು ನಿಜ. ಆದ್ರೆ ಆ ಮನೆ ಖಾತೆ ಇನ್ನೂ ಅವರ ಹೆಸರಿಗೇ ಆಗಿಲ್ಲ, ಮೈದುನರ ಜೊತೆ ತಕರಾರು ಇದೆ ಅಂತ ಆಮೇಲೆ ಡೈರೀಲಿ ಗೊತ್ತಾಯ್ತು. ನಮ್ಮ ತಾತನ ಮನೆ ಕಥೆನೇ. ಕಾಗದ ಅಂದ್ರೆ ಅವರಿಗೆ ಹೆದರಿಕೆ ಯಾಕೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು.

ಮಾರನೇ ದಿನ ಫೋನ್ ಮಾಡಿ ಮನೆ ಕೊಡಲ್ಲ ಅಂದ್ರು.

ಅಮ್ಮ ಬೈಯಲಿಲ್ಲ. ಸಿಂಕ್ ಹತ್ರ ನಿಂತು ಪಾತ್ರೆ ತೊಳೀತಾ, "ಕರೆಂಟ್ ಬಿಲ್ಲು ಎಷ್ಟ್ ಬರದು ನಮ್ಗೆ?" ಅಂದ್ರು. ಮುನ್ನೂರು, ಮುನ್ನೂರೈವತ್ತು ಅಂದೆ. "ಅಷ್ಟಕ್ಕೆ ಮನೆ ಕಳುದ್ಬುಟ್ಟೆ" ಅಂದ್ರು. ಓನರ್ ಕೊಟ್ಟ ಗಡುವಿಗೆ ಇನ್ನು ಮೂರೇ ವಾರ. ಅವತ್ತು ನಾನು ಊಟ ಮಾಡಲಿಲ್ಲ. ಮೂರು ದಿನ ಪೋಸ್ಟ್ ಹಾಕಿರಲಿಲ್ಲ ಯಾಕೆ ಅಂತ ಕೇಳಿದ್ರಲ್ಲ, ಇದಕ್ಕೇ.

10/10

ಕೊನೆಗೆ ಮನೆ ಹೇಳಿದ್ದು ಗಿರಣಿ ಅಜ್ಜ. "ಹುಳದ ಮನೆ ಆಯ್ತದಾ ನಿಮ್ಗೆ?"

ಹೌದು, ರೇಷ್ಮೆ ಹುಳು ಸಾಕ್ತಿದ್ದ ಮನೆ. ಒಬ್ಬ ಅಜ್ಜಿ ಇದ್ದಾರೆ. ಮಕ್ಕಳೆಲ್ಲ ಬೆಂಗಳೂರು, ಸೊಪ್ಪು ಕುಯ್ಯೋಕೆ ಆಳು ಸಿಗಲ್ಲ ಅಂತ ಹುಳು ಬಿಟ್ಟು ನಾಲ್ಕು ವರ್ಷ ಆಯ್ತಂತೆ. ಉದ್ದನೆ ಮನೆಗೆ ಮಧ್ಯ ಇಟ್ಟಿಗೆ ಗೋಡೆ ಎಬ್ಬಿಸಿ ಎರಡು ಮಾಡಿದ್ದಾರೆ. ಒಂದರಲ್ಲಿ ಹಳೇ ಚಂದ್ರಿಕೆ, ಸ್ಟ್ಯಾಂಡು ತುಂಬಿದೆ. ಇನ್ನೊಂದು ನಮಗೆ. ಹೊರಗೆ ಟಾಯ್ಲೆಟ್, ಚಿಲಕ ಇದೆ. 3,000 ಬಾಡಿಗೆ, ಹದಿನೈದು ಸಾವಿರ ಅಡ್ವಾನ್ಸ್. ಸರ್ಕಲ್‌ಗೆ ಹನ್ನೊಂದು ನಿಮಿಷ, ಅಮ್ಮನ ನಡಿಗೇಲಿ ಒಂಬತ್ತು.

ಅಜ್ಜಿ ಯಾವ ಜನ ಅಂತ ಕೇಳಲಿಲ್ಲ. "ರಾತ್ರಿ ಹೊತ್ತು ಒಂದ್ ಮನುಷ್ಯರ ಸದ್ದಿದ್ರೆ ಸಾಕು ಕನವ್ವ" ಅಂದ್ರು.

ಈ ಸಲ ನಾನು ಬಾಯಿ ಬಿಡಲಿಲ್ಲ. ಕರೆಂಟ್ ಅಜ್ಜಿ ಮನೆಯಿಂದ ಎಳೆದ ವೈರು, ನಮ್ಮದು ಅಂತ ಬೇರೆ ಮೀಟರ್ ಇಲ್ಲ, ಅಂದ್ರೆ ಗೃಹಜ್ಯೋತಿನೂ ಇಲ್ಲ. ಸಬ್ ಮೀಟರ್ ನೋಡಿ ಯೂನಿಟ್‌ಗೆ ಏಳು ರೂಪಾಯಿ ಕೊಡಿ ಅಂದ್ರು, ಹೂಂ ಅಂದ್ವಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ವಾರ ಮುಂಚೆ ಹಾಲುಕ್ಕಿಸಿದ್ವಿ. ಬ್ಲೀಚಿಂಗ್ ಪೌಡರ್ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಆದ್ರೆ ಗಾಳಿ ನೋಡಿ! ಗೋಡೆ ಕೆಳಗೆ, ಮೇಲೆ ಎರಡೂ ಕಡೆ ಗಾಳಿಕಿಂಡಿ, ಎಲ್ಲದಕ್ಕೂ ಊಜಿ ನೊಣ ಬರದಂಗೆ ಬಲೆ. ನಮಗೆ ಸೊಳ್ಳೆ ಇಲ್ಲ. ಕಟ್ಟುವಾಗ ಇಲಾಖೆಯಿಂದ ಸಹಾಯಧನ ಬಂದಿತ್ತಂತೆ, ಅಜ್ಜಿ ಹೇಳಿದ್ರು. ಎರಡು ತಿಂಗಳು ಸಬ್ಸಿಡಿ ಮನೆ ಹುಡುಕಿದ್ದಕ್ಕೆ ಸಿಕ್ತು ನೋಡಿ.

ಎರಡು ವಾರ ಆದ್ಮೇಲೆ ಅಮ್ಮ ಅಜ್ಜಿಗೆ ರವಿಕೆ ಹೊಲಿದುಕೊಟ್ಟು, ಮಾತು ಮಾತಲ್ಲಿ ಬೇರೆ ಮೀಟರ್ ವಿಷಯ ಎತ್ತಿದ್ರು. ಅಜ್ಜಿ "ಹಾಕುಸ್ಕೊ, ಖರ್ಚು ಅರ್ಧ ಅರ್ಧ" ಅಂದ್ರು. ಅರ್ಧ ಗಂಟೆ ಕೂಡ ಆಗಲಿಲ್ಲ. ಅಗ್ರಿಮೆಂಟ್ ಆಗಿದೆ, 11 ತಿಂಗಳು. ಮೀಟರ್ ಅರ್ಜಿ ಹಾಕಿದ್ದೀವಿ, ಇನ್ನೂ ಬಂದಿಲ್ಲ.

ಕೊನೇ ಫೋಟೋ ತಮ್ಮನದು. ಹಳೇ ಮನೆ ಬಿಡೋ ದಿನ ಅವನು ಅಮ್ಮನ ಟೇಪಲ್ಲಿ ಎಲ್ಲಾ ಗೆರೆ ಅಳೆದು ಬರ್ಕೊಂಡಿದ್ದ. ಇಲ್ಲಿ ಬಾಗಿಲ ಪಕ್ಕ ಎಲ್ಲವನ್ನೂ ಒಂದೇ ದಿನ ಎಳೆದ. ಅಜ್ಜಿ ನೋಡಿ, ಬೈತಾರೆ ಅಂದ್ಕೊಂಡ್ವಿ, ಇದ್ಯಾವ ಹುಳಿಂದ ಲೆಕ್ಕ ಅಂದ್ರು.

ನನ್ನ ನೋಟ್ಸಲ್ಲಿ ಸಾತನೂರಿನ ಇಪ್ಪತ್ತಮೂರು ಮನೆ ಪಟ್ಟಿ ಇದೆ. ಬಾಡಿಗೆ, ಅಡ್ವಾನ್ಸ್, ನೀರು, ಚಿಲಕ, ಸರ್ಕಲ್‌ಗೆ ನಿಮಿಷ ಸಮೇತ. ಯಾರಿಗಾದ್ರೂ ಬೇಕಿದ್ರೆ ಡಿಎಂ ಮಾಡಿ. ನಾಲ್ಕನೇ ಮನೆ ಇನ್ನೂ ಖಾಲಿ ಇದೆ. ಹೋದ್ರೆ ಟೀ ಕುಡಿದು ಬನ್ನಿ, ಮೀಟರ್ ಬಗ್ಗೆ ಮೊದಲನೇ ದಿನವೇ ಕೇಳಬೇಡಿ.